ಹಗ್ಗದ ವೈದ್ಯಕೀಯ ರಜೆ

ಕುಸುಬಿಹಾಳ ಗ್ರೂಪ್ ಗ್ರಾಮ ಪಂಚಾಯತಿಯ ವಾಲಿಕಾರನಾದ ಹೊಳೆಪ್ಪನ ಬಲಗಾಲು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಮರುವರ್ಷದ ಬ್ಯಾಸಿಗೆಯಲ್ಲಿ, ಕಚೇರಿ ವೇಳೆಯಲ್ಲಿ, ಕಚೇರಿ ಕೆಲಸದ ಮೇಲಿರುವಾಗಲೇ ಉಳುಕಿತು. ಆ ಕಚೇರಿಯಲ್ಲಿ ವೇಳೆಗೆ ಸರಿಯಾಗಿ ಆದ ಕೆಲಸ ಅದೊಂದೇ ಎಂದು ಊರ ಮಂದಿ ಅಂತಾರೆ. ಅದಕ್ಕೆ ಲಿಖಿತ ಆಧಾರವಿಲ್ಲದ ಕಾರಣ ಇಲ್ಲಿ ಪರಿಗಣಿಸಿಲ್ಲ.

ಪಂಚಾಯತಿಗೆ ಚೇರಮನ್ನರು ತಲೆ, ಸೆಕ್ರೆಟರಿ ಕೈ, ಮೆಂಬರರು ಹೊಟ್ಟೆ, ವಾಲಿಕಾರ ಕಾಲು. ತಲೆ, ಕೈ, ಹೊಟ್ಟೆ ಇವು ಕುಂತಲ್ಲೇ ಕೆಲಸ ಮಾಡತಕ್ಕ ಅಂಗಗಳಾದ್ದರಿಂದ ತಿರುಗಾಟವೆಲ್ಲ ಹೊಳೆಪ್ಪನ ಪಾಲಿಗೆ ಬಂದಿತ್ತು. ತಾಲೂಕಿಗೆ ಟಪಾಲು ಒಯ್ಯುವುದು, ತಾಲೂಕಿನಿಂದ ಟಪಾಲು ತರುವುದು, ಡಂಗುರ ಸಾರುವುದು, ಮನೆಪಟ್ಟಿ ಕಟ್ಟದವರ ಬಾಗಿಲ ಮುಂದೆ ನಿಂತು ಕೆಮ್ಮುವುದು, ಚೇರಮನ್ನರ ಮನೆಗೆ ಸಂತೆಯಿಂದ ಬದನೆಕಾಯಿ ಆರಿಸಿ ತರುವುದು, ಎಲ್ಲವೂ ಸೇವಾ ನಿಯಮದಲ್ಲೇ ಬರುತ್ತಿದ್ದವು. ಬದನೆಕಾಯಿ ಮಾತ್ರ ಬಾಯಿಮಾತಿನ ನಿಯಮ. ಹೊಳೆಪ್ಪನಿಗೆಂದೇ ಸರಕಾರ ಒಂದು ಸ್ಟೂಲು ಕೊಟ್ಟಿತ್ತು. ಅದರ ಮೇಲೆ ಸೆಕ್ರೆಟರಿ ಕುಬೇರಪ್ಪನವರು ಫೈಲು ಇಟ್ಟಿದ್ದರು. ಫೈಲು ಕುಂತರೆ ಅದು ಕಚೇರಿ, ಸಿಪಾಯಿ ಕುಂತರೆ ಅದು ಚಹಾದಂಗಡಿ ಎಂಬುದು ಅವರ ಅಭಿಪ್ರಾಯ.

ಊರಿಂದ ತಾಲೂಕಿಗೆ ಒಂದು ಗಾಡಿದಾರಿ ಇತ್ತು. ಅದು ಚೇರಮನ್ ಮಡಿವಾಳೆಪ್ಪನವರ ಹೊಲದ ಬಾಜೂಕ ಹಾದು ಹೋಗುತ್ತಿತ್ತು. ಹೊಲ ವರ್ಷಾವರ್ಷ ಮೈತುಂಬಿಕೊಂಡಿತು, ದಾರಿ ವರ್ಷಾವರ್ಷ ಸೊರಗಿತು, ಕಡೆಗೆ ದಾರಿಯೇ ಹೊಲದ ಹೊಟ್ಟೆ ಸೇರಿತು. ಹಿಂಗಾಗಿ ಹೊಳೆಪ್ಪ ಎರೆ ಹೊಲದೊಳಗೆ ಹಾದು ಹೋಗಬೇಕಾಯಿತು. ಬ್ಯಾಸಿಗೆಯಲ್ಲಿ ಎರೆ ನೆಲ ಬಾಯಿ ಬಿಡುತ್ತದೆ. ಕೋಳಿ ಬಿದ್ದರೆ ಕೂಗು ಮಾತ್ರ ಮೇಲೆ ಬರುವಂಥ ಬಿರುಕು. ಆವತ್ತು ಟಪಾಲು ಚೀಲ ಹೆಗಲಿಗೆ ಹಾಕಿಕೊಂಡು ಲಗುಲಗು ಹೊಂಟ ಹೊಳೆಪ್ಪನ ಬಲಪಾದ ಅಂಥದ್ದೊಂದು ಬಿರುಕಿಗೆ ಸಿಕ್ಕು ಒಳಮಗ್ಗುಲಿಗೆ ಹೊರಳಿತು. ಮೈ ತಾಲೂಕಿನ ಕಡೆ ಹೋಯಿತು, ಪಾದ ಕುಸುಬಿಹಾಳದ ಕಡೆಯೇ ಉಳಿಯಿತು. ಟಪ್ ಅಂತ ಸಪ್ಪಳಾತು. ಸರಕಾರಿ ನೌಕರನಾದ್ದರಿಂದ ಹೊಳೆಪ್ಪ ಮೊದಲು ಚೀಲದ ಪಟ್ಟಿ ಹರಿಯಿತೇನೋ ಅಂತ ನೋಡಿದ. ಪಟ್ಟಿ ಗಟ್ಟಿಯಾಗಿತ್ತು. ಸಮಾಧಾನವಾಗಿ ಎದ್ದ. ಕಾಲು ಏಳಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಕಾಲಿನ ಹರಡು ಸಣ್ಣ ಕುಂಬಳಕಾಯಿ ಆಗಿತ್ತು. ಬೆಳಗಾಗುವುದರೊಳಗೆ ನೇರಳೆಹಣ್ಣಿನ ಬಣ್ಣ ಬಂತು. ಹೆಂಡತಿ ಅನ್ನವ್ವ ಅರಿಷಿಣ ಹುಣಸಿಹಣ್ಣು ಕುದಿಸಿ ಬಳಿದಳು, ಬಳಿಯುತ್ತ ಬೈದಳು.

“ಟಪಾಲ ಟಪಾಲ ಅಂತ ಓಡ್ತಿದ್ರೆಲ್ಲಾ. ಆ ಟಪಾಲದಾಗ ಏನರ ಇತ್ತೇನು?”

“‘ನಿಮ್ಮ ಪತ್ರ ಬಂದು ಮುಟ್ಟಿದೆ’ ಅಂತ ಇತ್ತು.”

“ಯಾವ ಪತ್ರ?”

“ನಾವು ಅವರ ಪತ್ರ ಮುಟ್ಟೈತಿ ಅಂತ ಬರದ ಪತ್ರ.”

ಬಾಜೂ ಮನೆಯ ಜಮೀಲಾಬಿ ಬಂದಳು. ಆಕೆ ಕಾಲು ಮುಂದಾಗಿ ಹುಟ್ಟಿದಾಕೆ. ಅಂಥವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ಆ ಸೀಮೆಯಲ್ಲಿ ಗಟ್ಟಿ ನಂಬಿಕೆ. ಸುತ್ತ ಹಳ್ಳಿಯ ಗೌಡರು, ಸಾವಕಾರರು, ಒಬ್ಬ ಪೋಲೀಸನೂ ಆಕೆಯಿಂದ ಒದೆಸಿಕೊಂಡು ಕೈಮುಗಿದು ಹೋಗಿದ್ದರು. ಆಕೆ ಹೊಳೆಪ್ಪನ ಕಾಲನ್ನು ಹೊರಳಾಡಿಸಿ ನೋಡಿ ತಲೆ ಅಲ್ಲಾಡಿಸಿದಳು.

“ಟೊಂಕಾ ಆಗಿದ್ರ ಒದೀತಿದ್ದೆ ಅನ್ನವ್ವಕ್ಕಾ. ಕಾಲಿಗೆ ಕಾಲಲೇ ಒದ್ರ ಅದು ಔಷಧ ಆಗಂಗಿಲ್ಲ, ಜಗಳಾ ಆಕ್ಕೈತಿ. ದವಾಖಾನಿಗೆ ಕರಕೊಂಡ ಹೋಗು.”

ಗಾಡಿ ಹೂಡಿಸಿಕೊಂಡು ತಾಲೂಕಿನ ದವಾಖಾನೆಗೆ ಹೋದರು. ಅಲ್ಲಿಯ ಡಾಕ್ಟರು ಹರಡಿನ ಹೊರಮಗ್ಗುಲಿನ ಎಲುಬಿನ ಕೆಳಗೆ ಹೆಬ್ಬೆರಳು ಒತ್ತಿದರು. ಹೊಳೆಪ್ಪ ಛಾವಣಿ ನೋಡಿ ಅವ್ವನನ್ನು ಕರೆದ.

“ಎಲುಬು ಮುರದಿಲ್ಲಪಾ. ಎಲುಬಿಗೆ ಎಲುಬು ಬಿಗದು ಕಟ್ಟಿದ ಪಟ್ಟಿ ಇರತಾವು, ನೊಗಕ್ಕ ಮಿಣಿ ಬಿಗದಂಗ. ಹೊರಬಾಜೂದ್ದು ಒಂದು ಅರ್ಧಾ ಹರದೈತಿ.”

“ಹೊಲದು ಬಿಡ್ರಿ ಸಾಹೇಬ್ರ.”

“ಹೊಲಿಯೂದು ಬ್ಯಾಡ, ತಾನ ಕೂಡತೈತಿ. ಬಟ್ಟಿಪಟ್ಟಿ ಸುತ್ತಬೇಕು, ದಿಂಬಿನ ಮ್ಯಾಲೆ ಎತ್ತರಕ್ಕ ಇಡಬೇಕು, ತಣ್ಣೀರ ಅರಿವಿ ಹಾಕಬೇಕು. ನೀ ಸುಮ್ಮ ಕುಂಡ್ರಬೇಕು, ಆರು ವಾರ.”

ಡಾಕ್ಟರು ಯಾರಿಗೆ ಹೇಳುತ್ತಿದ್ದಾರೆ ಎಂದು ಹೊಳೆಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಕುಂಡ್ರು ಎಂಬ ಮಾತನ್ನು ಅವನ ನೌಕರಿಯಲ್ಲಿ ಯಾರೂ ಅವನಿಗೆ ಅಂದಿರಲಿಲ್ಲ.

“ಕುಂಡ್ರಲಿಲ್ಲಂದ್ರ ಏನಾಕ್ಕೈತ್ರಿ?”

“ಸಡ್ಲ ಕೂಡತೈತಿ. ಆಮ್ಯಾಲೆ ಹಾದ್ಯಾಗ ಒಂದು ಹಳ್ಳು ಕಂಡ್ರೂ ಕಾಲು ಹೊಳ್ಳತೈತಿ. ಈಗ ಕುಂತ್ರ ಆರು ವಾರ, ನಡದ್ರ ಜಲಮಪೂರ್ತಿ. ಕುಂಟು ವಾಲಿಕಾರನ್ನ ಯಾವ ಪಂಚಾಯತಿ ಇಟ್ಗೊಂತೈತಿ ಹೇಳು?”

ಈ ಮಾತು ಹೊಳೆಪ್ಪನ ಎದೆಯಲ್ಲಿ ಕಾಲಿಗಿಂತ ಹೆಚ್ಚು ನೋಯಿತು. ಯಾಕೆಂದರೆ ಚೇರಮನ್ನರಿಗೆ ತಾಲೂಕಿನಲ್ಲಿ ಅಂಗಡಿ ಇಟ್ಟ ಒಬ್ಬ ಭಾವಮೈದುನನಿದ್ದ. ಆ ಭಾವಮೈದುನನಿಗೆ ಎಸೆಸೆಲ್ಸಿಗೆ ಪದೇ ಪದೇ ಕುಂತು ಪದೇ ಪದೇ ಎದ್ದ ಒಬ್ಬ ಮಗನಿದ್ದ. ಆ ಮಗ ಹೊಳೆಪ್ಪನ ನೌಕರಿಯನ್ನು ದೂರದಿಂದ ನೋಡುತ್ತ ಮೀಸೆ ಬೆಳೆಸುತ್ತಿದ್ದ. ರಜೆ ಮಂಜೂರಾಗದೆ ಮನೆಯಲ್ಲಿ ಕುಂತರೆ ನೌಕರಿ ಹೋಗುತ್ತದೆ, ನೌಕರಿಗೆ ಹೋದರೆ ಕಾಲು ಹೋಗುತ್ತದೆ, ಕಾಲು ಹೋದರೆ ಮತ್ತೆ ನೌಕರಿ ಹೋಗುತ್ತದೆ. ಹೊಳೆಪ್ಪನಿಗೆ ಬೇಕಾದದ್ದು ಒಂದೇ: ಸಹಿ ಶಿಕ್ಕಾ ಬಿದ್ದ, ಕುಂಡ್ರುವ ಅಪ್ಪಣೆ.

ಡಾಕ್ಟರು ಸರ್ಟಿಫಿಕೇಟು ಬರೆದರು. ಮುಂದಿನದ್ದೆಲ್ಲ ಆದದ್ದು ಇಲ್ಲಿಂದಲೇ. ಅಲ್ಲಿಯ ತನಕ ಅವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಯಾರಿಗೂ ಓದಲು ಬರುತ್ತಿರಲಿಲ್ಲ, ಆದ್ದರಿಂದ ಯಾರ ತಕರಾರೂ ಇರಲಿಲ್ಲ. ಆ ವರ್ಷ ಎಲ್ಲವನ್ನೂ ಕನ್ನಡದಲ್ಲೇ ಬರೆಯತಕ್ಕದ್ದೆಂದು ಸುತ್ತೋಲೆ ಬಂತು. ಡಾಕ್ಟರು ಕನ್ನಡಾಭಿಮಾನಿ. ಪಾರಿಭಾಷಿಕ ಪದಗಳ ಪುಸ್ತಕ ತೆರೆದು ನೋಡಿ, ಎಲುಬು ಕಟ್ಟುವ ಪಟ್ಟಿಗೆ ‘ಅಸ್ಥಿರಜ್ಜು’ ಎಂಬ ಶಬ್ದ ಸಿಕ್ಕಿತೆಂದು ಖುಷಿಯಾಗಿ ಅದನ್ನೇ ಬರೆದರು.

ಸರ್ಟಿಫಿಕೇಟು ತಾಲೂಕ ಆಫೀಸಿಗೆ ಹೋಯಿತು. ಅಲ್ಲಿಯ ಟೈಪಿಸ್ಟ್ ಅಬ್ದುಲಗನಿಯ ಮಶೀನಿಗೆ ಥಕಾರದ ಒತ್ತು ಇರಲಿಲ್ಲ. ಬಂದಾಗಿನಿಂದ ಇರಲಿಲ್ಲ. ಬಾಯಲ್ಲೂ ಯಾರೂ ಅದನ್ನು ಬಳಸದ ಕಾರಣ ಕೊರತೆ ಅನಿಸಿರಲಿಲ್ಲ. ಅವನು ‘ಅಸ್ತಿ ರಜ್ಜು’ ಎಂದು ಬಡಿದ. ನಡುವೆ ಜಾಗ ಬಿಟ್ಟದ್ದು ಓದುವವರಿಗೆ ಉಸಿರಾಡಲು ಬೇಕಾಗುತ್ತದೆಂದು. ಹೆಡ್‌ಕ್ಲಾರ್ಕರು ನೋಡಿ ಮುಖ ಸಿಂಡರಿಸಿದರು.

“ಅಸ್ತಿ ಅಂದ್ರೇನೋ ಗನೀ? ಆಸ್ತಿ ಅನ್ನು, ಆಸ್ತಿ. ಹೊಸಾ ರಾಜ್ಯದಾಗ ಕನ್ನಡ ತಪ್ಪಬಾರದು.”

ತಾವೇ ಪೆನ್ನು ತಗೊಂಡು ಅಕಾರಕ್ಕೆ ಒಂದು ಬಾಲ ಎಳೆದರು. ಹೊಳೆಪ್ಪ ಹೋದ ಗಾಡಿಯಲ್ಲೇ ಕುಸುಬಿಹಾಳದ ಸೆಕ್ರೆಟರಿಯವರ ಕೈಗೆ ಬಂದ ಪ್ರತಿ ಹೀಗಿತ್ತು:

‘ವಾಲಿಕಾರ ಹೊಳೆಪ್ಪ ಇವನ ಬಲಗಾಲಿನ ಹೊರಗಡೆಯ ಆಸ್ತಿ ರಜ್ಜು ಅರ್ಧ ಹರಿದಿರುತ್ತದೆ. ಸದರಿ ರಜ್ಜುವಿನ ಮೇಲೆ ಆರು ವಾರ ಭಾರ ಹಾಕತಕ್ಕದ್ದಲ್ಲ. ಪಟ್ಟಿ ಸುತ್ತಿ ದಿಂಬಿನ ಮೇಲೆ ಎತ್ತರದಲ್ಲಿ ಇಡತಕ್ಕದ್ದು. ಸೂಕ್ತ ಕ್ರಮಕ್ಕಾಗಿ.’

ಕುಬೇರಪ್ಪನವರು ಸೂಕ್ತ ಕ್ರಮ ಎಂಬ ಮಾತು ಕಂಡರೆ ಊಟ ಬಿಡುವ ಮನುಷ್ಯ. ಕೂಡಲೇ ಸಾಲಿಯ ಹೆಡ್‌ಮಾಸ್ತರರನ್ನು ಕರೆಸಿದರು.

“ಮಾಸ್ತರ್ರ, ರಜ್ಜು ಅಂದ್ರೇನ್ರಿ?”

“ಹಗ್ಗ. ಹಗ್ಗಾ ಕಂಡು ಹಾವು ಅಂದ್ಕೊಳ್ಳೂದಕ್ಕ ನಮ್ಮ ಹಿರಿಯಾರು ಮಾಯಾ ಅಂತಾರ.”

“ಹಗ್ಗಾ ಕಂಡು ಕಾಲು ಅಂದ್ಕೊಂಡ್ರ?”

“ಅದಕ್ಕ ರಜಾ ಅರ್ಜಿ ಅಂತಾರ,” ಅಂದರು ಮಾಸ್ತರರು.

ವಿಷಯ ನಿಚ್ಚಳವಾಯಿತು. ಹೊಳೆಪ್ಪನನ್ನು ಕರೆಸಲಾಯಿತು. ಅವನು ಬಿದಿರುಕೋಲು ಊರಿಕೊಂಡು ಬಂದು ಬಾಗಿಲಲ್ಲಿ ಒಂಟಿಗಾಲಿನ ಕೊಕ್ಕರೆಯ ಹಾಗೆ ನಿಂತ. ಸ್ಟೂಲಿನ ಮೇಲೆ ಫೈಲು ಅರಾಮ ಕುಂತಿತ್ತು.

“ಹೊಳೆಪ್ಪಾ, ಪಂಚಾಯತಿ ಆಸ್ತಿ ಒಳಗ ಹಗ್ಗ ಎಷ್ಟದಾವು?”

“ಒಂದ ಐತ್ರಿ. ಸಿಹಿನೀರ ಬಾವೀದು.”

“ಅದನ್ನ ಬಲಗಾಲಿಲೆ ಯಾಕ ಹರದಿ?”

“ನಾ ಹಗ್ಗಾ ಮುಟ್ಟಿಲ್ರಿ ಸಾಹೇಬ್ರ! ಹರದಿದ್ದು ಕಾಲಾಗಿಂದು!”

“ಸರಕಾರಿ ಕಾಗದಕ್ಕ ಎದರ ಮಾತಾಡಬ್ಯಾಡ. ‘ಬಲಗಾಲಿನ, ಹೊರಗಡೆಯ, ಆಸ್ತಿ ರಜ್ಜು.’ ಹೊರಗಡೆ ಅಂದ್ರ ಆಫೀಸಿನ ಹೊರಗ. ಬಾವಿ ಎಲ್ಲೈತಿ?”

“ಆಫೀಸಿನ ಹೊರಗ ಐತ್ರಿ.”

“ಮತ್ತ?”

ಹೊಳೆಪ್ಪ ಪಟ್ಟಿ ಸುತ್ತಿದ ಕಾಲನ್ನು ಎತ್ತಿ ತೋರಿಸಿದ. ಸೆಕ್ರೆಟರಿ ಅದನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ, ಕಾಲಿಗೆ ಕಾಗದಗಳಿಗಿದ್ದಂಥ ಜಾವಕ ನಂಬರು ಇರಲಿಲ್ಲ.

ಮೀಟಿಂಗಿನಲ್ಲಿ ಠರಾವು ಪಾಸಾಯಿತು. ಹಗ್ಗಕ್ಕೆ ಆರು ವಾರದ ವೈದ್ಯಕೀಯ ರಜೆ ಸರ್ವಾನುಮತದಿಂದ ಮಂಜೂರಾಯಿತು. ಹಗ್ಗವನ್ನು ಬಾವಿಯ ಗಡಗಡಿಯಿಂದ ಇಳಿಸಿ, ಮೆರವಣಿಗೆಯಿಲ್ಲದೆ ಸರಳವಾಗಿ ತಂದು, ಕಚೇರಿಯ ಪಡಸಾಲೆಯಲ್ಲಿ ಒಂದು ಹೊರಸಿನ ಮೇಲೆ ಮಲಗಿಸಿ, ಬಟ್ಟೆಪಟ್ಟಿ ಸುತ್ತಿ, ಎರಡೂ ತುದಿಯನ್ನು ದಿಂಬಿನ ಮೇಲೆ ಇಟ್ಟರು. ಯಾವ ತುದಿ ಕಾಲು ಎಂದು ಸರ್ಟಿಫಿಕೇಟಿನಲ್ಲಿ ಇರಲಿಲ್ಲ. ಹೊಳೆಪ್ಪನ ರಜೆ ಅರ್ಜಿಯ ಮೇಲೆ ಬೇರೆ ಶೆರಾ ಬಿತ್ತು: ‘ಒಂದು ಅಪಘಾತಕ್ಕೆ ಒಂದೇ ರಜೆ. ಸದರಿ ರಜೆಯನ್ನು ಹಗ್ಗವು ಉಪಭೋಗಿಸುತ್ತಿರುವುದರಿಂದ ಅರ್ಜಿದಾರನು ಕೂಡಲೇ ಕೆಲಸಕ್ಕೆ ಹಾಜರಾಗತಕ್ಕದ್ದು.’

ಮೊದಲನೇ ಕೆಲಸ, ಹಗ್ಗದ ಅನಾರೋಗ್ಯದ ಬಗ್ಗೆ ಊರೆಲ್ಲ ಕೇಳುವಂತೆ ಡಂಗುರ ಸಾರುವುದು.

“ಓಣಿ ಓಣಿ ಹ್ಯಾಂಗ ತಿರಗಲ್ರಿ?” ಅಂದ ಹೊಳೆಪ್ಪ. “ಡಾಕ್ಟರ್ರು ನಡೀಬ್ಯಾಡ ಅಂದಾರ್ರಿ.”

ಕುಬೇರಪ್ಪನವರು ನಿಯಮ ತಿರುವಿದರು. ಊರೆಲ್ಲ ಕೇಳತಕ್ಕದ್ದು ಅಂತ ಇತ್ತು, ವಾಲಿಕಾರ ನಡೆಯತಕ್ಕದ್ದು ಅಂತ ಇರಲಿಲ್ಲ. ಆದ್ದರಿಂದ ಹೊಳೆಪ್ಪನನ್ನು ಕಟ್ಟೆಯ ಮೇಲೆ ಬಡಿಯಲು ಹಲಗೆ ಕೊಟ್ಟು ನಿಲ್ಲಿಸಿ, ಊರನ್ನೇ ಓಣಿವಾರು ಅವನ ಮುಂದೆ ಹಾಯಿಸಲಾಯಿತು.

“ಕೇಳ್ರೆಪ್ಪೋ ಕೇಳ್ರಿ! ಸಿಹಿನೀರ ಬಾವಿ ಹಗ್ಗಕ್ಕ ಮೈಯಾಗ ಅರಾಮಿಲ್ಲಾ! ಅದರ ಮ್ಯಾಲೆ ಯಾರೂ ಭಾರಾ ಹಾಕಬಾರದೂ! ಬಾಜೂಕ ಗದ್ದಲಾ ಮಾಡಬಾರದೂ! ಮಾತಾಡಸಾಕ ಬರಾವರು ಸಂಜೀಮುಂದ ಬರಬೇಕೂ! ಬರಿಗೈಲೆ ಬರಬಾರದೂ!”

ಕಡೆಯ ಎರಡು ಮಾತು ಕಚೇರಿಯವಲ್ಲ, ಹೊಳೆಪ್ಪನವು.

ಆ ಓಣಿಯವರು ಕೇಳಿ ಈ ಓಣಿಯವರಿಗೆ ಜಾಗ ಬಿಟ್ಟರು. ಹೆಂಗಸರು ಬಾವಿಗೆ ತಮ್ಮ ತಮ್ಮ ಮನೆಯ ಹಗ್ಗ ಒಯ್ಯತೊಡಗಿದರು. ಪಂಚಾಯತಿಯ ಹಗ್ಗ ಇದ್ದಾಗಲೂ ಅವರು ಒಯ್ಯುತ್ತಿದ್ದದ್ದು ಅದನ್ನೇ. ಪಂಚಾಯತಿಯ ಹಗ್ಗಕ್ಕೆ ಕೊಡ ಕಟ್ಟಿದರೆ ಬಾವಿಯಿಂದ ಕೊಡ ಬರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

ನಿಂತು ನಿಂತು ಹೊಳೆಪ್ಪನ ಕಾಲು ಮತ್ತೆ ಬಾತಿತು. ಅನ್ನವ್ವ ಸೆರಗು ಸಿಗಿಸಿಕೊಂಡು ಕಚೇರಿಗೆ ಬಂದಳು. ಹೊರಸಿನ ಮೇಲಿದ್ದ ಹಗ್ಗ ನೋಡಿದಳು. ಬಾಗಿಲಲ್ಲಿ ಒಂಟಿಗಾಲಲ್ಲಿದ್ದ ಗಂಡನನ್ನು ನೋಡಿದಳು.

“ಸೆಕ್ರೆಟರಿ ಸಾಹೇಬ್ರ, ಹಗ್ಗಕ್ಕ ದಿಂಬಾ ಕೊಟ್ಟೀರಿ, ನನ್ನ ಗಂಡಗ ಬಾಗಲಾ ಕೊಟ್ಟೀರಿ. ನಾಳೆ ಹಗ್ಗಕ್ಕ ಗಂಜೀನೂ ಕುಡಸ್ತೀರೇನು?”

“ಪಥ್ಯದ ಬಗ್ಗೆ ಸರ್ಟಿಫಿಕೇಟನ್ಯಾಗ ಏನೂ ಇಲ್ಲವ್ವಾ,” ಅಂದರು ಕುಬೇರಪ್ಪನವರು, ಅಗದಿ ಪ್ರಾಮಾಣಿಕವಾಗಿ. “ಬೇಕಾದ್ರ ಡಾಕ್ಟರ್ರ ಕಡಿಂದ ಸ್ಪಷ್ಟೀಕರಣ ತಗೊಂಡ ಬಾ.”

ಅನ್ನವ್ವ ಮರುದಿನವೇ ದವಾಖಾನೆಗೆ ಹೋದಳು. ಡಾಕ್ಟರು ಕೇಳಿ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಮತ್ತೆ ಕನ್ನಡದಲ್ಲಿ ಬರೆದರು: ‘ನಾನು ತಿಳಿಸಿದ ವಸ್ತುವು ಹಗ್ಗವಲ್ಲ, ಹಗ್ಗದಂಥದ್ದು.’ ಇದರ ಒಂದು ಪ್ರತಿ ತಾಲೂಕಿಗೂ ಕಳಿಸಿದರು.

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಬರೆಯಲಾರರು. ಆದರೆ ಆ ಕಾಗದ ಓದಿದ ಕೂಡಲೇ ಚೇರಮನ್ ಮಡಿವಾಳೆಪ್ಪನವರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು.

“ಕುಬೇರಪ್ಪಾ, ಬಾಗಲಾ ಮುಚ್ಚು. ಯಾರು ಹೇಳಿದ್ರು ಆ ಡಾಕ್ಟರಗ?”

“ಏನ್ ಹೇಳೂದ್ರಿ?”

“ಇದು ಹಗ್ಗ ಅಲ್ಲ, ಹಗ್ಗದಂಥಾದ್ದು ಅಂತ!”

ಆ ಹಗ್ಗ ಬಂದದ್ದು ಅದೇ ಭಾವಮೈದುನನ ಅಂಗಡಿಯಿಂದ. ಕಾಗದದಲ್ಲಿ ಅದು ‘ಉತ್ತಮ ದರ್ಜೆಯ ಹೊಸ ನಾರಿನ ಹಗ್ಗ’. ಹೊರಸಿನ ಮೇಲೆ ಅದು ಹಳೇ ಗೋಣಿಚೀಲ ಬಿಚ್ಚಿ ಹೊಸೆದು, ಮೇಲೊಂದಿಷ್ಟು ಎಣ್ಣೆ ಸವರಿದ್ದು. ಇದು ಚೇರಮನ್ನರಿಗೆ ಗೊತ್ತಿತ್ತು, ಭಾವಮೈದುನನಿಗೆ ಗೊತ್ತಿತ್ತು, ಬಾವಿಗೆ ಬರುವ ಹೆಂಗಸರಿಗೆಲ್ಲ ಗೊತ್ತಿತ್ತು. ಬರವಣಿಗೆಯಲ್ಲಿ ಗೊತ್ತಾದದ್ದು ಇದೇ ಮೊದಲು.

“ತಾಲೂಕಿನಿಂದ ಸಾಹೇಬ್ರು ಬಂದು ಹಗ್ಗಾ ಜಗ್ಗಿ ನೋಡಿದ್ರ?” ಅಂದರು ಚೇರಮನ್ನರು, ಬೆವರು ಒರೆಸಿಕೊಳ್ಳುತ್ತ.

ಮುಚ್ಚಿದ ಬಾಗಿಲಿನ ಹೊರಗೆ ಒಂಟಿಗಾಲಿನಲ್ಲಿ ನಿಂತಿದ್ದ ಹೊಳೆಪ್ಪ ಕೆಮ್ಮಿದ. ಮನೆಪಟ್ಟಿಯ ಕೆಮ್ಮಲ್ಲ, ಬೇರೆ ಕೆಮ್ಮು.

“ಧಣ್ಯಾರ, ಪಟ್ಟಿ ಸುತ್ತಿದ ರೋಗೀನ ಯಾರೂ ಜಗ್ಗಂಗಿಲ್ರಿ. ಡಾಕ್ಟರ್ರು ನನಗ ಹೇಳ್ಯಾರ, ನಡುವ ಪಟ್ಟಿ ಬಿಚ್ಚಿದ್ರ ಜಲಮಪೂರ್ತಿ ಸಡ್ಲ ಅಂತ.”

ಬಾಗಿಲು ತೆರೆಯಿತು.

“ಒಳಗ ಬಾರೋ ಹೊಳ್ಯಾ. ಮುಂದ ಹೇಳು.”

“ಬಾಜೂಕ ಒಬ್ಬಾಂವ ಕುಂತಿರಬೇಕ್ರಿ. ಯಾರೂ ಮುಟ್ಟಲಾರದಂಗ, ಜಗ್ಗಲಾರದಂಗ. ಆರು ವಾರಾ ಅಲ್ಲಿಂದ ಏಳಬಾರದ್ರಿ.”

ಚೇರಮನ್ನರಿಗೆ ವಿಚಾರ ಅಗದಿ ಪಸಂದಾಯಿತು. ಸಂಬಂಧಿಕರಿಗೇ ಮೊದಲ ಅವಕಾಶ ಎಂಬ ಬಾಯಿಮಾತಿನ ನಿಯಮದಂತೆ ಭಾವಮೈದುನನ ಮಗನನ್ನು ಕರೆಸಿದರು. ಅವನು ಹೊರಸು ನೋಡಿ, ಮೀಸೆಗೆ ಕೈಹಾಕಿ, “ಹಗ್ಗಾ ಕಾಯಾಕ ನಾ ಎಸೆಸೆಲ್ಸಿ ಕುಂತೆನೇನ್ರಿ ಮಾವಾ? ನನ್ನ ದೋಸ್ತರು ನೋಡಿದ್ರ ಏನಂದಾರು?” ಅಂದು ಬಂದ ಗಾಡಿಗೇ ವಾಪಸ್ಸು ಹೋದ. ಬೇರೆ ಉಮೇದುವಾರರಿಲ್ಲದ ಕಾರಣ ಹೊಳೆಪ್ಪನನ್ನು ‘ರಜ್ಜುಪಾಲಕ (ಹೆಚ್ಚುವರಿ ಹೊಣೆ)’ ಎಂದು ನೇಮಿಸಿ ಆಜ್ಞೆ ಹೊರಟಿತು. ಅದರಲ್ಲಿ ‘ಸದರಿಯವನು ಹಗ್ಗದ ಪಕ್ಕದಲ್ಲಿ ಕುಳಿತೇ ಇರತಕ್ಕದ್ದು, ಯಾವ ಕಾರಣಕ್ಕೂ ಏಳತಕ್ಕದ್ದಲ್ಲ’ ಎಂದು ದಪ್ಪ ಅಕ್ಷರದಲ್ಲಿತ್ತು. ಹೊಳೆಪ್ಪ ಆ ಕಾಗದವನ್ನು ಹಣೆಗೆ ಒತ್ತಿಕೊಂಡ. ಸಹಿ ಇತ್ತು. ಶಿಕ್ಕಾನೂ ಇತ್ತು.

ಹೊರಸಿನ ಒಂದು ಮಗ್ಗುಲಿಗೆ ಹಗ್ಗ, ಇನ್ನೊಂದು ಮಗ್ಗುಲಿಗೆ ಹೊಳೆಪ್ಪ. ದಿಂಬು ದೊಡ್ಡದಿತ್ತು, ಹಗ್ಗಕ್ಕೆ ಬಿಟ್ಟು ಉಳಿದ ಜಾಗದಲ್ಲಿ ಅವನು ಬಲಗಾಲು ಇಟ್ಟುಕೊಂಡ. ಅನ್ನವ್ವ ಹೊತ್ತಿಗೆ ಸರಿಯಾಗಿ ಬಂದು ಇಬ್ಬರಿಗೂ ತಣ್ಣೀರ ಅರಿವೆ ಹಾಕುತ್ತಿದ್ದಳು. ಡಂಗುರ ಕೇಳಿದ ಮಂದಿ ಸಂಜೆಮುಂದ ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ರೋಗಿಯನ್ನು ಮಾತಾಡಿಸಲು ಬಂದರು. ಹಗ್ಗ ತಿನ್ನಲಿಲ್ಲ. ರೋಗಿ ಬಿಟ್ಟದ್ದು ಬಾಜೂಕ ಕುಂತವರಿಗೆ ಎಂಬುದು ದವಾಖಾನೆಯ ಹಳೆಯ ನಿಯಮ.

ಜಮೀಲಾಬಿಯೂ ಬಂದಳು. “ಹಗ್ಗಕ್ಕ ಟೊಂಕಾ ಹಿಡದಿದ್ರ ಹೇಳೋ ಹೊಳೆಪ್ಪಾ,” ಅಂದಳು, “ಸರಕಾರಿ ಮಾಲು ಅಂತ ಪುಕಟ ಒದೀತೀನಿ.”

ಇತ್ತ ತಾಲೂಕಿಗೆ ಟಪಾಲು ಹೋಗುವುದು ನಿಂತಿತು. ಯಾಕೆ ನಿಂತಿತು ಎಂದು ಕೇಳಿ ತಾಲೂಕಿನವರು ಒಂದು ಖಾರವಾದ ಪತ್ರ ಬರೆದರು. ಅದು ಬಂದು ಮುಟ್ಟಲಿಲ್ಲ. ಅದನ್ನು ತರಬೇಕಾದವನು ಹೊಳೆಪ್ಪ.

ಒಂದು ದಿನ ಜೀಪು ಬಂತು. ‘ಹಗ್ಗವಲ್ಲ, ಹಗ್ಗದಂಥದ್ದು’ ಎಂಬ ಪ್ರಕರಣದ ತನಿಖೆಗೆ ತಾಲೂಕಿನ ಸಾಹೇಬರೇ ಬಂದಿದ್ದರು. ಚೇರಮನ್ನರು ಎಳೆಬದನೆಯ ಎಣಗಾಯಿ, ಬಿಸಿ ರೊಟ್ಟಿ ಮಾಡಿಸಿದ್ದರು. ಸಾಹೇಬರು ಉಂಡು ತೇಗಿ ಹೊರಸಿನ ಹತ್ತಿರ ಬಂದರು.

“ಯಾವುದು ರೋಗಿ?”

“ಉದ್ದಾಗಿ ಮಲಗೈತಲ್ರಿ, ಅದು,” ಅಂದರು ಸೆಕ್ರೆಟರಿ. ಹೊಳೆಪ್ಪನೂ ಉದ್ದಾಗಿ ಮಲಗಿದ್ದ.

“ಪಟ್ಟಿ ಬಿಚ್ಚಿ ತೋರಸ್ರಿ.”

ಚೇರಮನ್ನರು ಗೋಡೆ ಹಿಡಿದರು. ಹೊಳೆಪ್ಪ ಮಲಗಿದಲ್ಲಿಂದಲೇ ಕೈಮುಗಿದ.

“ಬಿಚ್ಚಬಹುದ್ರಿ ಸಾಹೇಬ್ರ. ಆದ್ರ ಡಾಕ್ಟರ್ರು ಬರದುಕೊಟ್ಟಾರ, ಬಿಚ್ಚಿದಾವರು ಮುಂದಿನದಕ್ಕ ಜವಾಬ್ದಾರು ಅಂತ. ತಾವೊಂದು ಸಹಿ ಮಾಡಿಬಿಡ್ರಿ.”

ಡಾಕ್ಟರು ಹಾಗೆ ಬರೆದಿರಲಿಲ್ಲ. ಆದರೆ ಸಹಿ ಎಂಬ ಶಬ್ದಕ್ಕೆ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಸಹಿಯಿಲ್ಲದೆ ನಿವೃತ್ತಿಯ ಹತ್ತಿರ ಬಂದ ಅನುಭವಸ್ಥರು ಅವರು. ದೂರದಿಂದಲೇ ನೋಡಿ ಟಿಪ್ಪಣಿ ಬರೆಸಿದರು: ‘ರೋಗಿಯ ಆರೈಕೆ ತೃಪ್ತಿಕರ. ಪಾಲಕನು ಕುಳಿತೇ ಇರುವುದು ಕಂಡುಬಂತು. ಇತರ ಪಂಚಾಯತಿಗಳಿಗೆ ಮಾದರಿ.’

ಆರು ವಾರ ತುಂಬಿತು. ಕೆಲಸಕ್ಕೆ ಯೋಗ್ಯ ಎಂಬ ಸರ್ಟಿಫಿಕೇಟಿಲ್ಲದೆ ಹಗ್ಗವನ್ನು ಹಾಜರು ಮಾಡಿಕೊಳ್ಳುವಂತಿರಲಿಲ್ಲ. ಡಾಕ್ಟರಿಗೆ ಬರಹೇಳಿದರು. ಅವರು ಸೈಕಲ್ ಗೋಡೆಗೆ ಒರಗಿಸಿ ಒಳಗೆ ಬಂದು, ಹೊರಸು ನೋಡಿ, ಏನೋ ಕೇಳಬೇಕೆಂದು ಬಾಯಿ ತೆರೆದರು. ಅನ್ನವ್ವ ಕಣ್ಣಲ್ಲೇ ಬೇಡ ಅಂದಳು. ಡಾಕ್ಟರು ಬಾಯಿ ಮುಚ್ಚಿ ಹೊಳೆಪ್ಪನ ಕಾಲಿನ ಪಟ್ಟಿ ಬಿಚ್ಚಿದರು. ಬಾವು ಇಳಿದಿತ್ತು. ನೇರಳೆ ಬಣ್ಣ ಹಳದಿಯಾಗಿ, ಹಳದಿಯೂ ಹೋಗಿತ್ತು. ಹರಡನ್ನು ಒಳಗೆ ಹೊರಗೆ ಹೊರಳಿಸಿದರು.

“ನೋವೈತೇನು?”

“ಇಲ್ರಿ.”

“ಒಂಟಿಗಾಲಲೆ ನಿಲ್ಲು ನೋಡೋಣು.”

ಹೊಳೆಪ್ಪ ನಿಂತ. ಅದರಲ್ಲಿ ಅವನಿಗೆ ಕಚೇರಿಯ ಅನುಭವವಿತ್ತು. ರೋಗಿಯನ್ನು ಬಿಟ್ಟು ಪಾಲಕನನ್ನು ಯಾಕೆ ಪರೀಕ್ಷೆ ಮಾಡುತ್ತಾರೆಂದು ಕುಬೇರಪ್ಪನವರಿಗೆ ಒಂದು ಗಳಿಗೆ ಅನುಮಾನ ಬಂತು. ಹೊಸ ಪದ್ಧತಿ ಇರಬೇಕೆಂದು ಸುಮ್ಮನಾದರು. ಡಾಕ್ಟರು ಬರೆದರು: ‘ಅಸ್ಥಿರಜ್ಜು ಚೆನ್ನಾಗಿ ಕೂಡಿಕೊಂಡಿದೆ. ದಿನಾಲು ಸ್ವಲ್ಪ ಸ್ವಲ್ಪ ನಡೆಸತಕ್ಕದ್ದು. ಓಡಿಸತಕ್ಕದ್ದಲ್ಲ. ಬಿರುಕು ಬಿಟ್ಟ ನೆಲದ ಮೇಲೆ ಒಯ್ಯತಕ್ಕದ್ದಲ್ಲ.’

ಸೆಕ್ರೆಟರಿ ಇದನ್ನು ಎರಡು ಸಲ ಓದಿ ಆಜ್ಞೆ ತಯಾರಿಸಿದರು. ಹಗ್ಗವು ಗುಣಮುಖವಾಗಿದೆ. ಅದನ್ನು ದಿನಾಲು ನಡೆಸತಕ್ಕದ್ದು ಎಂದಿರುವುದರಿಂದ, ಎಳೆಯತಕ್ಕದ್ದು ಎಂದಿಲ್ಲದಿರುವುದರಿಂದ, ಬಾವಿಗೆ ಕಟ್ಟುವಂತಿಲ್ಲ. ಪಂಚಾಯತಿಯಲ್ಲಿ ನಡೆಯುವ ಕೆಲಸ ಟಪಾಲಿನದೊಂದೇ. ಆದ್ದರಿಂದ ಹಗ್ಗವನ್ನು ಟಪಾಲಿಗೆ ಹಾಕಲಾಗಿದೆ. ಹಗ್ಗಕ್ಕೆ ದಾರಿ ಗೊತ್ತಿಲ್ಲದ ಕಾರಣ ಹೊಳೆಪ್ಪನು ಜೊತೆಗೆ ಹೋಗತಕ್ಕದ್ದು.

“ಬಿರುಕಿನ ನೆಲದ ಮ್ಯಾಲೆ ಒಯ್ಯಬಾರದು ಅಂತ ಐತಲ್ರಿ,” ಅಂದ ಹೊಳೆಪ್ಪ, ಮೆಲ್ಲಗೆ. “ಹೊಲದಾಗ ಹ್ಯಾಂಗ ಹೋಗೂದ್ರಿ? ಮತ್ತ ಉಳಕಿದ್ರ ತನಿಖಿ ಬರತೈತಿ. ಈ ಸಲ ಪಟ್ಟೀನ ಬಿಚ್ಚತಾರ.”

ಎಲ್ಲರೂ ಚೇರಮನ್ನರ ಮುಖ ನೋಡಿದರು. ಚೇರಮನ್ನರು ಹಗ್ಗದ ಮುಖ ನೋಡಿದರು. ಮರುದಿನ ಅವರ ಹೊಲದ ಬದು ಒಂದು ಗಾಡಿಯ ಅಗಲ ಹಿಂದೆ ಸರಿಯಿತು. ದಾರಿ ಕೊಡಿ ಎಂದು ಊರು ವರ್ಷಗಟ್ಟಲೆ ಕೊಟ್ಟ ಅರ್ಜಿಗಳಿಗೆ ಆಗದ್ದು ಹಗ್ಗದ ಆರೋಗ್ಯದ ದೃಷ್ಟಿಯಿಂದ ಆಯಿತು. ದಾರಿಯ ಬಾಯಲ್ಲಿ ‘ರಜ್ಜು ಮಾರ್ಗ’ ಎಂದು ಹಲಗೆ ಹಾಕಿ, ಅದರ ಕೆಳಗೆ ‘ಮನುಷ್ಯರೂ ಹೋಗಬಹುದು’ ಎಂದು ಸಣ್ಣಗೆ ಬರೆದರು.

ಅಂದಿನಿಂದ ಹೊಳೆಪ್ಪ ದಿನಾ ಹಗ್ಗ ಹೆಗಲಿಗೆ ಹಾಕಿಕೊಂಡು, ಟಪಾಲು ಚೀಲ ಬಗಲಿಗೆ ಹಾಕಿಕೊಂಡು ಸಾವಕಾಶ ಹೊರಡುತ್ತಾನೆ. ಓಡುವಂತಿಲ್ಲ, ಆಜ್ಞೆಯಿದೆ. ಸ್ವಲ್ಪ ನಡೆದ ಮೇಲೆ ಬೇವಿನ ಮರದ ಬುಡದಲ್ಲಿ ಹಗ್ಗಕ್ಕೆ ದಣಿವಾಗುತ್ತದೆ. ಅದು ಏಳುವ ತನಕ ಅವನೂ ಕುಂಡ್ರುತ್ತಾನೆ. ಬದನೆಕಾಯಿ ಹೊರುವುದು ನಿಂತಿದೆ, ಹಗ್ಗದ ಮೇಲೆ ಭಾರ ಬೀಳುತ್ತದೆಂದು. ಕಚೇರಿಯ ಸ್ಟೂಲು ಖಾಲಿ ಮಾಡಿಸಿದ್ದಾರೆ, ಬಂದ ಮೇಲೆ ಹಗ್ಗವನ್ನು ಅದರ ಮೇಲೆ ಇಡಬೇಕಲ್ಲ. ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಳೆಪ್ಪ ಸ್ಟೂಲಿನ ಮೇಲೆ ಕುಂಡ್ರುತ್ತಾನೆ. ತಾಲೂಕಿನಲ್ಲಿ ಅಬ್ದುಲಗನಿ ಹಾಜರಿ ಹಾಕುವಾಗ ಮೊದಲು ‘ಹಗ್ಗ’ ಎಂದು ಕೂಗುತ್ತಾನೆ, ಹೊಳೆಪ್ಪ “ಹಾಜರ್ರಿ” ಅನ್ನುತ್ತಾನೆ. ಆಮೇಲೆ ‘ಹೊಳೆಪ್ಪ’ ಎಂದು ಕೂಗುತ್ತಾನೆ. ಆಗ ಅವನು ಹಗ್ಗದ ತುದಿಯನ್ನು ಸ್ವಲ್ಪ ಎತ್ತುತ್ತಾನೆ.

ಭಾವಮೈದುನನ ಮಗ ನೌಕರಿಯ ಮೇಲಿನ ಆಸೆ ಬಿಟ್ಟು ಮೀಸೆ ತೆಗೆಸಿದ. ಬೇರೆಯವರ ಹೆಗಲಿಗೆ ಹಗ್ಗ ಹೊಂದಿಕೊಳ್ಳುವುದಿಲ್ಲ ಎಂದು ಠರಾವಿನಲ್ಲೇ ಬಂದುಬಿಟ್ಟಿತ್ತು.

ಮಳೆಗಾಲ ಬಂತು. ಎರೆ ನೆಲ ಬಾಯಿ ಮುಚ್ಚಿತು. ಒಂದು ದಿನ ಜಿನುಗು ಮಳೆಯಲ್ಲಿ ದಾರಿಗೆ ಎದುರಾದ ಹೆಡ್‌ಮಾಸ್ತರರು ಕೊಡೆ ಮೇಲೆತ್ತಿ, ಹೊಳೆಪ್ಪನನ್ನು ಬಿಟ್ಟು ಅವನ ಹೆಗಲ ಕಡೆ ನೋಡಿ ವಿಚಾರಿಸಿದರು.

“ಹ್ಯಾಂಗದಪಾ ಈಗ ಹಗ್ಗ?”

“ಅರಾಮ ಐತ್ರಿ ಮಾಸ್ತರ್ರ,” ಅಂದ ಹೊಳೆಪ್ಪ, ಬಗ್ಗಿ ಬಲಗಾಲಿನ ಹರಡು ತಿಕ್ಕಿಕೊಳ್ಳುತ್ತ. “ಮೋಡಾ ಆದಾಗ ಮಾತ್ರ ಒಂಚೂರು ಜಗ್ಗತೈತ್ರಿ.”